ಪೈನ್ ಸಸಿಗಳ ಹೊರಾಂಗಣ ಒಗ್ಗಿಸುವಿಕೆ

ಪೈನ್ ಸಸಿಗಳ ಹೊರಾಂಗಣ ಒಗ್ಗಿಸುವಿಕೆ ಎಂದರೆ ಮನೆಯೊಳಗೆ ಬೀಜದಿಂದ ಬೆಳೆಸಿದ ಪೈನ್ ಸಸಿಯನ್ನು ಬಿಸಿಲು, ಗಾಳಿ, ಮಳೆ ಹಾಗೂ ಚಳಿಗೆ ಹಂತಹಂತವಾಗಿ ಪರಿಚಯಿಸಿ, ಕೊನೆಗೆ ಬಯಲಿನಲ್ಲಿಯೇ ನೆಲೆಗೊಳಿಸುವ ತೋಟಗಾರಿಕಾ ಕ್ರಮ. ತರಕಾರಿಯ ಸಸಿಗಳನ್ನು ಮಡಿಯಿಂದ ಕೀಳುವ ಮುನ್ನ ನೆರಳನ್ನು ತೆಗೆದು, ನೀರನ್ನು ಕಡಿಮೆ ಮಾಡಿ ಗಟ್ಟಿಗೊಳಿಸುವ ರೂಢಿ ಇದಕ್ಕೆ ಸಮೀಪವಾದುದು. ಮನೆಯೊಳಗೆ ಸೊರಗಿದ ಪೈನ್ ಸಸಿಗೆ ಅನೇಕ ಸಂದರ್ಭಗಳಲ್ಲಿ ರೋಗವೇನೂ ಇರುವುದಿಲ್ಲ. ಅದು ಇರುವ ಸ್ಥಳವೇ ಅದರ ತೊಂದರೆಯಾಗಿರುತ್ತದೆ. ಆದ್ದರಿಂದ ಅದಕ್ಕೆ ಹೊರಾಂಗಣವೇ ಮದ್ದು. ಆದರೆ ಅದೇ ಮದ್ದನ್ನು ಒಮ್ಮೆಲೇ ಕೊಟ್ಟರೆ ಸಸಿ ಕೆಲವೇ ದಿನಗಳಲ್ಲಿ ಸಾಯಬಹುದು. ಈ ಎರಡು ಸಂಗತಿಗಳ ನಡುವಿನ ದಾರಿಯೇ ಒಗ್ಗಿಸುವಿಕೆ.

ಹಿನ್ನೆಲೆ

ಪೈನ್ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವೆಲ್ಲ ಬಹುತೇಕ ಉತ್ತರ ಗೋಳಾರ್ಧದ ಮೂಲನಿವಾಸಿಗಳು. ಬಯಲು, ಬೆಟ್ಟದ ಇಳಿಜಾರು, ಕಾಳ್ಗಿಚ್ಚಿನಿಂದ ತೆರವಾದ ನೆಲ ಇವು ಅನೇಕ ಪೈನ್‌ಗಳು ಸಹಜವಾಗಿ ಹುಟ್ಟುವ ತಾಣಗಳು. ಬೇರೆ ಮರಗಳ ದಟ್ಟ ನೆರಳಿನಲ್ಲಿ ಇವುಗಳ ಸಸಿಗಳು ಸಾಮಾನ್ಯವಾಗಿ ಏಳುವುದಿಲ್ಲ.

ಇಂತಹ ಮರದ ಸಸಿ ಮನೆಯೊಳಗೆ ಬರುವುದಕ್ಕೆ ಹಲವು ಕಾರಣಗಳಿವೆ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಕ್ರಿಸ್‌ಮಸ್ ಸಮಯಕ್ಕೆ ಮೆಡಿಟರೇನಿಯನ್ ಪ್ರದೇಶದ ಕಲ್ಲುಪೈನ್ ಮರದ, ಅಂದರೆ ಪೈನಸ್ ಪೈನಿಯಾದ, ಎಳೆಯ ಗಿಡಗಳನ್ನು ಪುಟ್ಟ ಕುಂಡಗಳಲ್ಲಿ ಮಾರುತ್ತಾರೆ. ಬೋನ್ಸಾಯ್ ಹವ್ಯಾಸಿಗಳು ಜಪಾನಿನ ಕಪ್ಪು ಪೈನ್ ಬೀಜಗಳನ್ನು ಬಿತ್ತುತ್ತಾರೆ. ಕಾಡಿನಿಂದ ಹೆಕ್ಕಿ ತಂದ ಶಂಕುವಿನ ಬೀಜವನ್ನು ಮಕ್ಕಳು ಲೋಟದಲ್ಲಿ ಮೊಳೆಯಿಸುವುದೂ ಉಂಟು. ಮೊಳಕೆ ಸುಲಭವಾಗಿ ಬರುತ್ತದೆ. ತೊಂದರೆ ಆರಂಭವಾಗುವುದು ಅನಂತರದ ತಿಂಗಳುಗಳಲ್ಲಿ.

ಒಳಾಂಗಣದಲ್ಲಿ ಸೊರಗಲು ಕಾರಣಗಳು

ಬೆಳಕಿನ ಕೊರತೆ: ನಿರಭ್ರ ಆಕಾಶದ ನಡುಹಗಲಿನಲ್ಲಿ ಹೊರಗೆ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ಕೋಣೆಯ ಒಳಭಾಗದಲ್ಲಿ ಅದು ಕೆಲವು ನೂರು ಲಕ್ಸ್‌ಗೆ ಇಳಿಯುತ್ತದೆ. ಮನುಷ್ಯನ ಕಣ್ಣು ಈ ಅಂತರಕ್ಕೆ ತಾನಾಗಿಯೇ ಹೊಂದಿಕೊಳ್ಳುವುದರಿಂದ ಕೋಣೆ ನಮಗೆ ಬೆಳಕಾಗಿಯೇ ಕಾಣುತ್ತದೆ. ಸಸಿಯ ಪಾಲಿಗೆ ಅದು ಮುಸ್ಸಂಜೆ. ದ್ಯುತಿಸಂಶ್ಲೇಷಣೆಯಿಂದ ದೊರೆಯುವ ಆಹಾರ ಸಾಲದಾದಾಗ ಸಸಿಯು ಬೆಳಕನ್ನು ಹುಡುಕುತ್ತ ಉದ್ದುದ್ದ ಬೆಳೆಯುತ್ತದೆ. ಕಾಂಡ ತೆಳುವಾಗುತ್ತದೆ, ಸೂಜಿಎಲೆಗಳು ವಿರಳವಾಗಿ ಬಿಳಿಚಿಕೊಳ್ಳುತ್ತವೆ, ಬೇರಿಗೆ ಹೋಗಬೇಕಾದ ಆಹಾರದ ಪಾಲು ಕಡಿಮೆಯಾಗುತ್ತದೆ.

ಗಾಳಿಯ ಕೊರತೆ: ಗಾಳಿಯಲ್ಲಿ ಓಲಾಡುವ ಕಾಂಡವು ದಪ್ಪವಾಗಿಯೂ ಗಿಡ್ಡವಾಗಿಯೂ ಬೆಳೆಯುತ್ತದೆ. ಯಾಂತ್ರಿಕ ಸ್ಪರ್ಶಕ್ಕೆ ಸಸ್ಯಗಳು ತೋರುವ ಈ ಪ್ರತಿಕ್ರಿಯೆಗೆ ಅಮೆರಿಕದ ಸಸ್ಯಶಾಸ್ತ್ರಜ್ಞ ಮಾರ್ಡೆಕಾಯ್ ಜಾಫೆ 1973ರಲ್ಲಿ ಥಿಗ್ಮೊಮಾರ್ಫೋಜೆನೆಸಿಸ್ ಎಂಬ ಹೆಸರನ್ನಿಟ್ಟರು. ನಿಶ್ಚಲವಾದ ಕೋಣೆಯಲ್ಲಿ ಬೆಳೆದ ಸಸಿಗೆ ಈ ವ್ಯಾಯಾಮ ದೊರೆತಿರುವುದಿಲ್ಲ. ಆದುದರಿಂದ ಅದು ತನ್ನ ಭಾರವನ್ನು ತಾನೇ ಹೊರಲಾರದೆ ಬಾಗುತ್ತದೆ.

ನೀರಿನ ಅತಿರೇಕ: ಕಡಿಮೆ ಬೆಳಕಿನಲ್ಲಿರುವ ಸಸಿ ಕಡಿಮೆ ನೀರನ್ನು ಹೀರುತ್ತದೆ. ಆದರೆ ಸೊರಗಿದ ಸಸಿಯನ್ನು ಕಂಡವರು ಮೊದಲು ಮಾಡುವ ಕೆಲಸವೇ ಇನ್ನಷ್ಟು ನೀರು ಹಾಕುವುದು. ಕುಂಡದ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಕೊಳೆಯತೊಡಗುತ್ತದೆ. ಪಿಥಿಯಮ್, ರೈಜೊಕ್ಟೋನಿಯಾ, ಫ್ಯುಸೇರಿಯಮ್ ಮುಂತಾದ ರೋಗಾಣುಗಳು ಎಳೆಯ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಹಿಡಿದು, ಅದು ಕಂದಿ ನುಲಿದು ಬೀಳುವಂತೆ ಮಾಡುತ್ತವೆ. ಇದನ್ನು ಸಸಿ ಸಾಯುವ ರೋಗ ಎಂದು ಕರೆಯುತ್ತಾರೆ.

ಋತುಮಾನದ ಕೊರತೆ: ಸಮಶೀತೋಷ್ಣ ವಲಯದ ಪೈನ್‌ಗಳು ಹಗಲು ಕಿರಿದಾಗುತ್ತ ಬಂದಂತೆ ಬೆಳವಣಿಗೆಯನ್ನು ನಿಲ್ಲಿಸಿ, ತುದಿಯಲ್ಲಿ ಮೊಗ್ಗು ಕಟ್ಟಿ, ಸುಪ್ತಾವಸ್ಥೆಗೆ ಹೋಗುತ್ತವೆ. ಚಳಿಗಾಲದ ದೀರ್ಘ ತಂಪನ್ನು ಅನುಭವಿಸಿದ ಬಳಿಕವೇ ವಸಂತದಲ್ಲಿ ಅವುಗಳ ಮೊಗ್ಗು ಸರಿಯಾಗಿ ಒಡೆಯುತ್ತದೆ. ವರ್ಷವಿಡೀ ಒಂದೇ ಉಷ್ಣತೆಯಿರುವ ಮನೆಯಲ್ಲಿ ಈ ವಿಶ್ರಾಂತಿ ದೊರೆಯದು. ಇದರ ಜೊತೆಗೆ ಶೀತದೇಶಗಳ ಮನೆಗಳಲ್ಲಿ ಚಳಿಗಾಲದಲ್ಲಿ ಉರಿಯುವ ಕಾಯಿಸುವ ಯಂತ್ರಗಳು ಗಾಳಿಯ ತೇವವನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ.

ಲಕ್ಷಣಗಳು

ಸಸಿಯನ್ನು ಹೊರಗಿಡುವ ಮೊದಲು ಅದರ ಸ್ಥಿತಿಯನ್ನು ಸರಿಯಾಗಿ ಗುರುತಿಸಬೇಕು. ಆರೋಗ್ಯದ ಗುರುತುಗಳನ್ನೇ ರೋಗವೆಂದು ಭಾವಿಸುವ ಸಂದರ್ಭಗಳು ಹಲವಾರಿವೆ.

ಮೊಳಕೆಯೊಡೆದ ಪೈನ್ ಸಸಿಯಲ್ಲಿ ಮೊದಲು ಕಾಣುವುದು ಸುತ್ತಲೂ ಚಕ್ರಾಕಾರವಾಗಿ ಹರಡಿದ ಬೀಜದಳಗಳು. ಇವುಗಳ ತುದಿಯಲ್ಲಿ ಬೀಜದ ಸಿಪ್ಪೆ ಟೋಪಿಯಂತೆ ಕೆಲವು ದಿನ ಅಂಟಿಕೊಂಡಿರುವುದು ಸಹಜ. ಅದನ್ನು ಕಿತ್ತರೆ ಬೀಜದಳಗಳೂ, ಕೆಲವೊಮ್ಮೆ ಬೆಳೆಯುವ ತುದಿಯೂ ಮುರಿಯುತ್ತವೆ. ಅನಂತರ ಒಂಟಿಒಂಟಿಯಾಗಿ, ಹಲವು ಪ್ರಭೇದಗಳಲ್ಲಿ ನೀಲಿಛಾಯೆಯ ಹಸಿರು ಬಣ್ಣದಲ್ಲಿ, ಬಾಲ್ಯದ ಎಲೆಗಳು ಬರುತ್ತವೆ. ಎರಡು, ಮೂರು ಅಥವಾ ಐದರ ಗೊಂಚಲಿನಲ್ಲಿರುವ ಪ್ರೌಢ ಸೂಜಿಎಲೆಗಳು ಬರುವುದು ಇದಾದ ಮೇಲೆ. ಕಲ್ಲುಪೈನ್ ಹಲವು ವರ್ಷಗಳ ಕಾಲ ಬಾಲ್ಯದ ಎಲೆಗಳನ್ನೇ ಉಳಿಸಿಕೊಳ್ಳುತ್ತದೆ. ಹೊಸ ಎಲೆಗಳು ಬಂದ ಬಳಿಕ ಬುಡದ ಬೀಜದಳಗಳು ಒಣಗಿ ಉದುರುವುದೂ ಸಹಜವೇ.

ಚಿಂತೆಗೆ ಕಾರಣವಾಗುವ ಲಕ್ಷಣಗಳು ಬೇರೆ:

• ತುದಿಯ ಹೊಸ ಎಲೆಗಳೇ ಹಳದಿಯಾಗುವುದು ಅಥವಾ ಬಾಡಿ ಬಾಗುವುದು.
• ಕಾಂಡದ ಬುಡ ಕಂದಿ, ಮೆತ್ತಗಾಗಿ, ಸುತ್ತಲೂ ಕಿರಿದಾಗುವುದು.
• ಕುಂಡದ ಮಣ್ಣಿನಿಂದ ಕೊಳೆತ ವಾಸನೆ ಬರುವುದು.
• ಸೂಜಿಎಲೆಗಳು ಹೊಳಪು ಕಳೆದುಕೊಂಡು ಬೂದುಹಸಿರಾಗಿ, ಮುಟ್ಟಿದರೆ ಮುರಿಯುವಂತಾಗುವುದು.

ಕೊನೆಯ ಲಕ್ಷಣ ವಿಶೇಷ ಗಮನಕ್ಕೆ ಅರ್ಹವಾದುದು. ಪೈನ್ ಸಸಿಯ ಬೇರು ಸತ್ತ ಮೇಲೂ ಎಲೆಗಳು ಕೆಲವು ವಾರ ಹಸಿರಾಗಿಯೇ ಕಾಣಬಹುದು. ಆದುದರಿಂದ ಹೊರಗಿಟ್ಟ ಮರುದಿನವೇ ಕಂದಿದ ಸಸಿಯು ಹೊರಗಿಟ್ಟಿದ್ದರಿಂದಲೇ ಸತ್ತಿತೆಂದು ಹೇಳಲಾಗದು. ಅದು ಮನೆಯೊಳಗೇ ಸತ್ತಿದ್ದಿರಬಹುದು. ಇದೇ ಕಾರಣಕ್ಕೆ ಎಲೆ ಹಸಿರಾಗಿದೆಯೆಂದು ಕಾಯುತ್ತ ಕೂರುವುದೂ ಅಪಾಯಕಾರಿ. ಅನೇಕ ಅಗಲ ಎಲೆಯ ಗಿಡಗಳು ಬುಡದಿಂದ ಮತ್ತೆ ಚಿಗುರುತ್ತವೆ. ಬಹುತೇಕ ಪೈನ್‌ಗಳಿಗೆ ಈ ಶಕ್ತಿ ಇಲ್ಲ. ತುದಿಯ ಮೊಗ್ಗು ಮತ್ತು ಹಸಿರು ಎಲೆಗಳನ್ನು ಕಳೆದುಕೊಂಡ ಎಳೆಯ ಸಸಿ ಸಾಮಾನ್ಯವಾಗಿ ಮರಳಿ ಬಾರದು.

ಹಠಾತ್ ಸ್ಥಳಾಂತರದ ಅಪಾಯ

ಮಂದ ಬೆಳಕಿನಲ್ಲಿ ರೂಪುಗೊಂಡ ಎಲೆಯ ಹೊರಪದರ ತೆಳುವಾಗಿರುತ್ತದೆ. ಅದರ ಮೇಲಿನ ಮೇಣದ ಲೇಪವೂ ಕಡಿಮೆ. ಹೆಚ್ಚಿನ ಬೆಳಕನ್ನು ನಿರಪಾಯವಾಗಿ ಶಾಖವಾಗಿ ಹೊರಹಾಕುವ ವ್ಯವಸ್ಥೆ ಅದರಲ್ಲಿ ಇನ್ನೂ ಬಲಗೊಂಡಿರುವುದಿಲ್ಲ. ಇಂತಹ ಎಲೆಯ ಮೇಲೆ ನಡುಹಗಲ ಬಿಸಿಲು ಬಿದ್ದಾಗ ಅದು ಬಳಸಲಾರದಷ್ಟು ಬೆಳಕನ್ನು ಹೀರುತ್ತದೆ. ಆ ಹೆಚ್ಚುವರಿ ಶಕ್ತಿ ಪತ್ರಹರಿತ್ತನ್ನೂ ಅದರ ಸುತ್ತಲಿನ ರಚನೆಗಳನ್ನೂ ಹಾಳುಮಾಡುತ್ತದೆ. ಎಲೆ ಬಿಳಿಚಿಕೊಂಡು ಬಳಿಕ ಕಂದುಬಣ್ಣಕ್ಕೆ ತಿರುಗುತ್ತದೆ.

ಗಾಳಿ ಇನ್ನೊಂದು ಅಪಾಯ. ಅದು ಎಲೆಯ ತೇವವನ್ನು ಎಳೆದೊಯ್ಯುತ್ತದೆ; ಮನೆಯೊಳಗೆ ಸಣ್ಣದಾಗಿಯೇ ಉಳಿದ ಬೇರು ಅಷ್ಟು ನೀರನ್ನು ಪೂರೈಸಲಾರದು. ಹಸಿ ಮಣ್ಣಿನ ಕುಂಡದಲ್ಲಿಯೇ ಸಸಿ ಒಣಗಲು ಇದು ಕಾರಣ.

ಮೂರನೆಯ ಅಪಾಯ ಚಳಿ. ಹೊರಗೆ ಬೆಳೆದು ಚಳಿಗಾಲಕ್ಕೆ ಸಿದ್ಧಗೊಂಡ ಸ್ಕಾಟ್ಸ್ ಪೈನ್ ಮರವು −40 ಡಿಗ್ರಿ ಸೆಲ್ಸಿಯಸ್ ಶೀತವನ್ನೂ ತಾಳಬಲ್ಲುದು. ಅದೇ ಪ್ರಭೇದದ ಸಿದ್ಧಗೊಳ್ಳದ ಎಳೆಯ ಚಿಗುರು ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗಿನ ಹಿಮಕ್ಕೂ ಕರಕಲಾಗುತ್ತದೆ. ಶೀತವನ್ನು ತಾಳುವ ಶಕ್ತಿ ಪ್ರಭೇದಕ್ಕೆ ಹುಟ್ಟಿನಿಂದ ಬಂದಿದ್ದರೂ ಪ್ರತಿಯೊಂದು ಸಸಿಯೂ ಅದನ್ನು ಪ್ರತಿ ಶರತ್ಕಾಲದಲ್ಲಿ ಹೊಸದಾಗಿ ಗಳಿಸಿಕೊಳ್ಳಬೇಕು.

ಸೂಕ್ತ ಕಾಲ

ಸಮಶೀತೋಷ್ಣ ದೇಶಗಳಲ್ಲಿ ವಸಂತದ ಕೊನೆಯ ಹಿಮ ಕಳೆದ ಬಳಿಕದ ವಾರಗಳು ಅತ್ಯಂತ ಸೂಕ್ತ. ಆಗ ಬಿಸಿಲು ಸೌಮ್ಯವಾಗಿರುತ್ತದೆ, ಬೆಳವಣಿಗೆಯ ಇಡೀ ಋತು ಮುಂದಿರುತ್ತದೆ, ಹಾಗೂ ಶರತ್ಕಾಲದ ಕಿರುಹಗಲುಗಳು ಬಂದಾಗ ಸಸಿಯು ಹೊರಗೇ ಇದ್ದು ಚಳಿಗೆ ತಾನಾಗಿಯೇ ಸಿದ್ಧಗೊಳ್ಳುತ್ತದೆ.

ನಡುಚಳಿಗಾಲದಲ್ಲಿ ಸಸಿ ಸೊರಗಿದರೆ ಅದನ್ನು ನೇರವಾಗಿ ಹಿಮಕ್ಕೆ ಒಡ್ಡುವುದು ಸಲ್ಲದು. ಕಾಯಿಸದ, ಆದರೆ ಹಿಮಗಟ್ಟದ, ಬೆಳಕುಳ್ಳ ಜಾಗದಲ್ಲಿ ಅದನ್ನು ವಸಂತದವರೆಗೆ ಇಡಬೇಕು. ಗಾಜಿನ ಮೊಗಸಾಲೆ ಅಥವಾ ತಣ್ಣನೆಯ ಕೋಣೆಯ ಕಿಟಕಿಯ ಅಂಚು ಇದಕ್ಕೆ ಆಗುತ್ತದೆ. ಅಲ್ಲಿ ಬೆಳವಣಿಗೆ ನಿಧಾನಗೊಳ್ಳುತ್ತದೆ. ಇದ್ದ ಸಂಗ್ರಹದಲ್ಲಿ ಸಸಿ ಹೆಚ್ಚು ದಿನ ಉಳಿಯುತ್ತದೆ.

ವಿಧಾನ

ಒಗ್ಗಿಸುವಿಕೆಗೆ ಸಾಮಾನ್ಯವಾಗಿ ಎರಡರಿಂದ ಮೂರು ವಾರ ಬೇಕು. ತೀರ ಸೊರಗಿದ ಸಸಿಗೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ದಿನಗಳ ಲೆಕ್ಕಕ್ಕಿಂತ ಸಸಿಯ ಪ್ರತಿಕ್ರಿಯೆಯೇ ಮುಖ್ಯ. ಮೋಡ ಕವಿದ, ಗಾಳಿಯಿಲ್ಲದ ದಿನದಲ್ಲಿ ಆರಂಭಿಸುವುದು ಒಳಿತು.

1. ಮೊದಲ ಮೂರು ನಾಲ್ಕು ದಿನ ಸಸಿಯನ್ನು ಗೋಡೆಯ ಮರೆಯಲ್ಲಿ, ಪೂರ್ಣ ನೆರಳಿನಲ್ಲಿ, ದಿನಕ್ಕೆ ಒಂದೆರಡು ಗಂಟೆ ಇರಿಸಿ ಒಳಗೆ ತರಬೇಕು. ಬಯಲಿನ ನೆರಳು ಕೂಡ ಕೋಣೆಯ ಒಳಭಾಗಕ್ಕಿಂತ ಹಲವು ಪಟ್ಟು ಬೆಳಕಾಗಿರುತ್ತದೆ.
2. ಮುಂದಿನ ನಾಲ್ಕು ದಿನ ಅರ್ಧ ಹಗಲು ಹೊರಗಿರಿಸಿ, ಬೆಳಗಿನ ಎಳೆಬಿಸಿಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೀಳುವಂತೆ ನೋಡಿಕೊಳ್ಳಬೇಕು.
3. ಎರಡನೆಯ ವಾರದಲ್ಲಿ ಬೆಳಗಿನ ಬಿಸಿಲನ್ನು ಎರಡರಿಂದ ನಾಲ್ಕು ಗಂಟೆಗೆ ಏರಿಸಿ, ಮಂದವಾದ ಗಾಳಿ ತಾಗಲು ಬಿಡಬೇಕು. ಹಿಮದ ಭಯವಿಲ್ಲದ ರಾತ್ರಿಗಳಲ್ಲಿ ಸಸಿಯನ್ನು ಹೊರಗೇ ಬಿಡಬಹುದು.
4. ಮೂರನೆಯ ವಾರದಲ್ಲಿ ಹಗಲಿಡೀ ಹೊರಗಿರಿಸಿ, ನಡುಹಗಲಿಗೆ ಮಾತ್ರ ನೆರಳು ಪರದೆ ಅಥವಾ ಬೇರೊಂದು ಗಿಡದ ಚದುರಿದ ನೆರಳನ್ನು ಒದಗಿಸಬೇಕು. ಬಳಿಕ ಅದನ್ನೂ ತೆಗೆಯಬೇಕು.

ಎಲೆಗಳು ಬಿಳಿಚತೊಡಗಿದರೆ ಒಂದು ಹಂತ ಹಿಂದಕ್ಕೆ ಹೋಗಬೇಕೇ ಹೊರತು ಸಸಿಯನ್ನು ಮತ್ತೆ ಖಾಯಮ್ಮಾಗಿ ಮನೆಯೊಳಗೆ ತರಬಾರದು. ಹೀಗೆ ಒಳಗೂ ಹೊರಗೂ ವಾರಗಟ್ಟಲೆ ಅಲೆದಾಡಿದ ಸಸಿ ಎರಡಕ್ಕೂ ಒಗ್ಗಿಕೊಳ್ಳುವುದಿಲ್ಲ.

ಹೊರಗೆ ಕುಂಡ ಬೇಗ ಒಣಗುತ್ತದೆ. ಬೆರಳಿನಿಂದ ಮುಟ್ಟಿ ನೋಡಿ, ಮೇಲಿನ ಸುಮಾರು ಎರಡು ಸೆಂಟಿಮೀಟರ್ ಮಣ್ಣು ಒಣಗಿದಾಗ ಮಾತ್ರ, ತಳದ ರಂಧ್ರದಿಂದ ಹರಿಯುವಷ್ಟು ನೀರು ಹಾಕಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬಾಗಿದ ಸಸಿಗೆ ಸಣ್ಣ ಕಡ್ಡಿಯ ಆಸರೆ ಕೊಡುವುದಾದರೆ ಕಾಂಡ ತುಸು ಅಲುಗಾಡುವಂತೆ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಕಾಂಡ ಎಂದಿಗೂ ಬಲಗೊಳ್ಳದು.

ಒಂದು ಬಾರಿಗೆ ಒಂದೇ ಬದಲಾವಣೆ

ಸೊರಗಿದ ಸಸಿಯನ್ನು ಉಳಿಸುವ ಆತುರದಲ್ಲಿ ಒಂದೇ ದಿನ ಕುಂಡ ಬದಲಿಸಿ, ಗೊಬ್ಬರ ಹಾಕಿ, ಬಿಸಿಲಿಗಿಡುವುದು ಸಾಮಾನ್ಯ ತಪ್ಪು. ಕುಂಡ ಬದಲಿಸುವಾಗ ಬೇರಿನ ಸೂಕ್ಷ್ಮ ಕವಲುಗಳು ಹರಿಯುತ್ತವೆ. ಹರಿದ ಬೇರಿಗೆ ಬಿಸಿಲಿನ ಬೇಡಿಕೆಯನ್ನು ಪೂರೈಸುವ ಶಕ್ತಿಯಿರುವುದಿಲ್ಲ. ದ್ಯುತಿಸಂಶ್ಲೇಷಣೆ ನಡೆಯದ ಸಸಿ ಗೊಬ್ಬರವನ್ನು ಬಳಸಲಾರದು. ಮಣ್ಣಿನಲ್ಲಿ ಉಳಿದ ಲವಣಗಳು ಬೇರನ್ನು ಸುಡುತ್ತವೆ. ಆದುದರಿಂದ ಮೊದಲು ಬೆಳಕಿಗೆ ಒಗ್ಗಿಸಿ, ಹೊಸ ಚಿಗುರು ಕಂಡ ಮೇಲೆ ಕುಂಡ ಬದಲಿಸಿ, ಅನಂತರ ತೆಳುವಾದ ಗೊಬ್ಬರ ಕೊಡುವುದು ಸರಿಯಾದ ಕ್ರಮ. ಮಣ್ಣು ಕೊಳೆತು ವಾಸನೆ ಬರುತ್ತಿದ್ದರೆ ಮಾತ್ರ ಕುಂಡವನ್ನು ಮೊದಲೇ ಬದಲಿಸಬೇಕಾಗುತ್ತದೆ. ಆಗ ಸಸಿಯನ್ನು ಕೆಲವು ವಾರ ನೆರಳಿನಲ್ಲಿಯೇ ಉಳಿಸಿಕೊಳ್ಳಬೇಕು.

ಮಣ್ಣು ಮತ್ತು ಬೇರಿನ ಶಿಲೀಂಧ್ರಗಳು

ಪೈನ್ ಸಸಿಗೆ ನೀರು ಬಸಿಯುವ, ತುಸು ಆಮ್ಲೀಯವಾದ ಮಣ್ಣು ಹಿತ. ದಪ್ಪ ಮರಳು, ಸಣ್ಣ ಜಲ್ಲಿ ಅಥವಾ ಪರ್ಲೈಟ್ ಬೆರೆಸಿದ ಮಿಶ್ರಣ ಯೋಗ್ಯವಾದುದು. ತಾಯಿಬೇರು ಮೊದಲು ನೇರವಾಗಿ ಕೆಳಗಿಳಿಯುವುದರಿಂದ ಅಗಲಕ್ಕಿಂತ ಆಳ ಹೆಚ್ಚಿರುವ ಕುಂಡ ಬೇಕು. ಕಿರಿದಾದ ಕುಂಡದಲ್ಲಿ ಬೇರು ಸುತ್ತಿಕೊಂಡು ಬೆಳೆದರೆ ಮುಂದೆ ಮರವಾದಾಗಲೂ ಆ ದೋಷ ಉಳಿಯುತ್ತದೆ.

ಪೈನ್‌ಗಳ ಬೇರುಗಳು ಕೆಲವು ಶಿಲೀಂಧ್ರಗಳೊಡನೆ ಸಹಜೀವನ ನಡೆಸುತ್ತವೆ. ಶಿಲೀಂಧ್ರದ ಎಳೆಗಳು ಬೇರಿನ ತುದಿಯನ್ನು ಕವಚದಂತೆ ಸುತ್ತಿ, ದೂರದ ಮಣ್ಣಿನಿಂದ ನೀರನ್ನೂ ರಂಜಕ ಮತ್ತು ಸಾರಜನಕವನ್ನೂ ತಂದುಕೊಡುತ್ತವೆ. ಪ್ರತಿಯಾಗಿ ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಎ. ಬಿ. ಫ್ರಾಂಕ್ 1885ರಲ್ಲಿ ಬೇರು ಮತ್ತು ಶಿಲೀಂಧ್ರದ ಈ ಜೋಡಿಗೆ ಮೈಕೊರೈಜಾ ಎಂದು ಹೆಸರಿಟ್ಟರು. ಪೈನ್‌ಗಳು ಸಹಜವಾಗಿ ಇಲ್ಲದ ಪೋರ್ಟೊರಿಕೊ ದ್ವೀಪದಲ್ಲಿ ನೆಟ್ಟ ಸಸಿಗಳು ಹಳದಿಯಾಗಿ ಸೊರಗುತ್ತಿದ್ದವು. 1950ರ ದಶಕದಲ್ಲಿ ಅಮೆರಿಕದ ಮುಖ್ಯಭೂಮಿಯ ಪೈನ್ ಕಾಡಿನ ಮಣ್ಣನ್ನು ತಂದು ಬೆರೆಸಿದ ಬಳಿಕವೇ ಅಲ್ಲಿ ಅವು ಚೇತರಿಸಿಕೊಂಡು ಬೆಳೆದವು.

ಮನೆಯಲ್ಲಿ ಶುದ್ಧ ತೆಂಗಿನ ನಾರಿನ ಪುಡಿಯಲ್ಲೋ ಅಂಗಡಿಯ ಕುಂಡಮಣ್ಣಿನಲ್ಲೋ ಬೆಳೆದ ಸಸಿಗೆ ಈ ಒಡನಾಡಿ ದೊರೆಯದೆ ಇರಬಹುದು. ಸಮೀಪದಲ್ಲಿ ಆರೋಗ್ಯವಂತ ಪೈನ್ ಮರವಿದ್ದರೆ ಅದರ ಬುಡದ ಮೇಲ್ಮಣ್ಣನ್ನು ಒಂದು ಹಿಡಿಯಷ್ಟು ಕುಂಡಕ್ಕೆ ಸೇರಿಸುವುದು ಹಳೆಯ ರೂಢಿ. ರಕ್ಷಿತ ಅರಣ್ಯಗಳಿಂದ ಮಣ್ಣು ತೆಗೆಯಬಾರದು. ರೋಗಗಳು ಹರಡುವ ಸಾಧ್ಯತೆಯಿರುವುದರಿಂದ ದೂರದೂರುಗಳಿಂದಲೂ ತರಬಾರದು.

ಮೊದಲ ಚಳಿಗಾಲ

ಹೊರಾಂಗಣಕ್ಕೆ ಒಗ್ಗಿದ ಸಸಿಯನ್ನು ಚಳಿಗಾಲ ಬಂತೆಂದು ಮತ್ತೆ ಬೆಚ್ಚನೆಯ ಮನೆಯೊಳಗೆ ತಂದರೆ ಗಳಿಸಿದ್ದೆಲ್ಲ ವ್ಯರ್ಥ. ಆದರೆ ಕುಂಡದಲ್ಲಿರುವ ಸಸಿಗೆ ರಕ್ಷಣೆ ಬೇಕು. ಬೇರುಗಳು ಕಾಂಡ ಮತ್ತು ಎಲೆಗಳಷ್ಟು ಶೀತವನ್ನು ತಾಳಲಾರವು. ನೆಲದಲ್ಲಿ ಮಣ್ಣಿನ ರಾಶಿಯೇ ಅವನ್ನು ಕಾಯುತ್ತದೆ, ಕುಂಡದಲ್ಲಿ ಸುತ್ತಲೂ ಚಳಿ ತಾಗುತ್ತದೆ. ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂಳುವುದು ಅಥವಾ ಒಣ ಎಲೆಗಳ ರಾಶಿಯಲ್ಲಿ ಇರಿಸುವುದು ಇದಕ್ಕೆ ಪರಿಹಾರ. ಕಲ್ಲುಪೈನ್‌ನಂತಹ ಬೆಚ್ಚನೆಯ ನಾಡಿನ ಪ್ರಭೇದಗಳನ್ನು ತೀವ್ರ ಚಳಿಯ ಊರುಗಳಲ್ಲಿ ಕಾಯಿಸದ ಕೊಠಡಿಯಲ್ಲಿಡುವುದು ಲೇಸು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಪೈನ್‌ಗಳಲ್ಲಿ ಹೊರ ಹಿಮಾಲಯದ ಚೀಡ್, ಎತ್ತರದ ಇಳಿಜಾರುಗಳ ನೀಲಿ ಪೈನ್, ಕಿನ್ನೌರ್ ಪ್ರದೇಶದ ಚಿಲ್ಗೋಜಾ ಮತ್ತು ಮೇಘಾಲಯದ ಖಾಸಿ ಪೈನ್ ಪ್ರಮುಖವಾದವು. ಚೀಡ್ ಮರವನ್ನು ಸಂಸ್ಕೃತದಲ್ಲಿ ಸರಲ ಎನ್ನುತ್ತಾರೆ.

ಕರ್ನಾಟಕದ ಸಹಜ ಕಾಡುಗಳಲ್ಲಿ ಪೈನ್ ಇಲ್ಲ. ಬೆಂಗಳೂರಿನ ಸಸ್ಯಕ್ಷೇತ್ರಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮಾರುವುದು ಹೆಚ್ಚಾಗಿ ಅರೌಕೇರಿಯಾ. ಸೂಜಿಎಲೆಯಂತಹ ಕಡ್ಡಿಗಳಿರುವ ಗಾಳಿಮರ, ಅಂದರೆ ಸರ್ವೆ, ಶಂಕುಧಾರಿಯೇ ಅಲ್ಲ. ಹೀಗಾಗಿ ಗಿಡ ಯಾವುದೆಂದು ತಿಳಿದ ಬಳಿಕವೇ ಆರೈಕೆಗೆ ತೊಡಗಬೇಕು. ಅರೌಕೇರಿಯಾದ ಎಳೆಯ ಗಿಡ ಮನೆಯೊಳಗಿನ ಬೆಳಕನ್ನು ಪೈನ್‌ಗಿಂತ ಚೆನ್ನಾಗಿ ತಾಳುತ್ತದೆ.

ಹಿಮಾಲಯ ಪ್ರವಾಸದಿಂದ ತಂದ ಬೀಜವನ್ನು ಬೆಂಗಳೂರಿನಲ್ಲಿ ಬಿತ್ತಿದವರಿಗೆ ಸಮಸ್ಯೆ ಬೇರೆಯ ಬಗೆಯದು. ಇಲ್ಲಿ ಹಿಮದ ಭಯವಿಲ್ಲ. ಮಾರ್ಚ್‌ನಿಂದ ಮೇವರೆಗಿನ ನೆತ್ತಿಯ ಬಿಸಿಲೇ ಅಪಾಯ. ಜೂನ್ ಮತ್ತು ಜುಲೈ ತಿಂಗಳ ಮೋಡದ ದಿನಗಳು ಒಗ್ಗಿಸಲು ಅನುಕೂಲ. ಆದರೆ ಜಡಿಮಳೆಯಲ್ಲಿ ಕುಂಡದ ಮಣ್ಣು ಕೆಸರಾಗದಂತೆ ಸೂರಿನ ಅಂಚಿನಲ್ಲಿ ಇರಿಸಬೇಕು. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಶಿಮ್ಲಾದಲ್ಲಿ ಅದು ಸುಮಾರು ನಾಲ್ಕು ಗಂಟೆ. ಋತು ಬದಲಾಯಿತೆಂಬ ಸೂಚನೆ ಇಲ್ಲಿ ಸಸಿಗೆ ಮಂದವಾಗಿ ಮಾತ್ರ ತಲುಪುತ್ತದೆ. ಚಳಿಗಾಲದ ದೀರ್ಘ ತಂಪೂ ಇಲ್ಲ. ಆದ್ದರಿಂದ ನೀಲಿ ಪೈನ್‌ನಂತಹ ಎತ್ತರದ ಪ್ರಭೇದಗಳು ಎಷ್ಟೇ ಜಾಗ್ರತೆಯಿಂದ ಒಗ್ಗಿಸಿದರೂ ಬಾಳುವುದು ಕಷ್ಟ. ಕೆಳಗಿನ ಬೆಟ್ಟಗಳ ಚೀಡ್‌ಗೆ ಅವಕಾಶ ಹೆಚ್ಚು.

ಉಳಿದುಬಂದ ಸಸಿಯನ್ನು ಎಲ್ಲಿ ನೆಡಬೇಕೆಂಬುದೂ ವಿಚಾರಾರ್ಹ. ನೀಲಗಿರಿ ಮತ್ತು ಕೊಡೈಕೆನಾಲ್ ಪ್ರದೇಶಗಳಲ್ಲಿ ನೆಟ್ಟ ಮೆಕ್ಸಿಕೊ ಮೂಲದ ಪೈನಸ್ ಪಟುಲಾ ಶೋಲಾ ಹುಲ್ಲುಗಾವಲುಗಳಿಗೆ ಹಬ್ಬಿ, ಅಲ್ಲಿಯ ಸಹಜ ಸಸ್ಯಗಳಿಗೆ ಹಾನಿ ಮಾಡಿದೆ. ಪಶ್ಚಿಮ ಘಟ್ಟದ ಹುಲ್ಲುಬೆಟ್ಟಗಳಲ್ಲಿ ಪೈನ್ ನೆಡುವುದು ಸೂಕ್ತವಲ್ಲ. ಮನೆಯ ಅಂಗಳ ಅಥವಾ ದೊಡ್ಡ ಕುಂಡವೇ ಸರಿಯಾದ ಸ್ಥಳ.

ಫಲಿತಾಂಶ

ಒಗ್ಗಿಸುವಿಕೆ ಫಲಿಸಿತೆಂಬುದನ್ನು ಹಳೆಯ ಎಲೆಗಳಿಂದ ಅಳೆಯಲಾಗದು. ಕಂದಿದ ಸೂಜಿಎಲೆ ಮತ್ತೆ ಹಸಿರಾಗದು. ಮನೆಯೊಳಗೆ ಬೆಳೆದ ಎಲೆಗಳಲ್ಲಿ ಹಲವು ಉದುರುವುದೂ ಉಂಟು. ತುದಿಯಲ್ಲಿ ಒತ್ತೊತ್ತಾಗಿ, ಗಿಡ್ಡವಾಗಿ, ಕಡುಹಸಿರಾಗಿ ಹೊಸ ಎಲೆಗಳು ಬರುವುದೇ ಗೆಲುವಿನ ಗುರುತು. ಕಾಂಡದ ಬುಡ ಮರದ ಬಣ್ಣಕ್ಕೆ ತಿರುಗಿ ಗಡುಸಾಗುವುದು ಎರಡನೆಯ ಗುರುತು. ಬೇರು ಆಗಲೇ ಕೊಳೆತಿದ್ದ ಸಸಿಯನ್ನು ಯಾವ ಕ್ರಮವೂ ಉಳಿಸದು. ಸಾಧ್ಯವಿದ್ದಲ್ಲಿ ಒಂದರ ಬದಲು ಹಲವು ಬೀಜಗಳನ್ನು ಬಿತ್ತುವುದು ಮತ್ತು ಬೀಜದಳಗಳು ಬಿಚ್ಚಿದ ಕೂಡಲೇ, ಋತು ಅನುಕೂಲವಾಗಿದ್ದರೆ, ಸಸಿಗಳನ್ನು ಹೊರಾಂಗಣದ ಬೆಳಕಿಗೆ ರೂಢಿಸುತ್ತ ಬರುವುದು ಮುಂದಿನ ಪ್ರಯತ್ನಕ್ಕೆ ಉತ್ತಮ ದಾರಿ. ಹೊರಗೇ ಬೆಳೆದ ಸಸಿಗೆ ಒಗ್ಗಿಸುವಿಕೆಯ ಅಗತ್ಯವೇ ಬೀಳುವುದಿಲ್ಲ.